ಬಂಡೆಯೊಳಗಿನ ಗಂಗೆ: ಮಧುಗಿರಿ ಸೀಮೆಯ ಗಿರಿ-ಗವಿಗಳ ಚರಿತ್ರೆ



ತುಮಕೂರನ್ನು ಬಿಟ್ಟು ಉತ್ತರಾಭಿಮುಖವಾಗಿ ಸಾಗುವ ಯಾತ್ರಿಕನಿಗೆ ಕೊರಟಗೆರೆ, ಮಧುಗಿರಿ, ಪಾವಗಡಗಳ ದಾರಿಯುದ್ದಕ್ಕೂ ಬೆಟ್ಟಗಳೇ ಜೊತೆಗಾರರು. ಮರಗಿಡಗಳ ಹೊದಿಕೆಯಿಲ್ಲದ ಬೋಳುಬಂಡೆಗಳು, ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿರುವ ಗುಂಡುಗಳು, ಅವುಗಳ ಸಂದಿಯಲ್ಲಿ ಕತ್ತಲು ತುಂಬಿದ ಗವಿಗಳು, ನೆತ್ತಿಯ ಮೇಲೆ ಮುರಿದ ಕೋಟೆಯ ಗೋಡೆಗಳು. ಪಶ್ಚಿಮಕ್ಕೆ ಹೊರಳಿ ಶಿರಾ ಸೀಮೆಯನ್ನು ಹೊಕ್ಕರೆ ನೆಲ ಬಯಲಾಗುತ್ತದೆ, ಬಿಸಿಲು ಮತ್ತಷ್ಟು ಹರಡಿಕೊಳ್ಳುತ್ತದೆ. ಈ ನಾಲ್ಕು ತಾಲ್ಲೂಕುಗಳಿಗೆ ಬರದ ಸೀಮೆಯೆಂಬ ಹೆಸರು ಬಹುಕಾಲದಿಂದ ಅಂಟಿಕೊಂಡಿದೆ.

ಇಂತಹ ನೆಲದಲ್ಲಿ ಸಿದ್ಧರು ತಪಸ್ಸಿಗೆ ಏಕೆ ಕುಳಿತರು? ನಾಡಗೌಡರೂ ಪಾಳೆಯಗಾರರೂ ಇದೇ ಬಂಡೆಗಳ ಮೇಲೆ ದುರ್ಗಗಳನ್ನು ಏಕೆ ಕಟ್ಟಿದರು? ವಿಜಾಪುರದವರು, ಮೊಗಲರು, ಮರಾಠರು, ಮೈಸೂರಿನವರು ಒಬ್ಬರಾದ ಮೇಲೊಬ್ಬರು ಬಂದು ಈ ಸೀಮೆಗಾಗಿ ಏಕೆ ಹೊಡೆದಾಡಿದರು? ಚರಿತ್ರೆಯ ಪುಟಗಳನ್ನು ತಿರುವಿ ನೋಡಿದರೆ ಕಾರಣಗಳು ಹಲವಾರು ಸಿಕ್ಕಾವು. ಆದರೆ ಎಲ್ಲಕ್ಕೂ ತಳದಲ್ಲಿರುವ ಕಾರಣ ಒಂದೇ: ಈ ಬಂಡೆಗಳು ತಮ್ಮ ಬಿರುಕುಗಳಲ್ಲಿ ನೀರನ್ನು ಕಾಯ್ದಿಟ್ಟುಕೊಂಡಿದ್ದವು. ನೀರಿದ್ದ ಗವಿಯಲ್ಲಿ ಸಾಧಕ ಕುಳಿತ. ನೀರಿದ್ದ ಬೆಟ್ಟದ ಮೇಲೆ ಅರಸು ಕೋಟೆ ಕಟ್ಟಿದ. ಬೆಟ್ಟದಿಂದಿಳಿದ ನೀರು ಒಸರಿದ ಕಡೆ ರೈತ ಊರು ಹೂಡಿದ. ಈ ಒಂದು ಸೂತ್ರವನ್ನು ಹಿಡಿದು ಈ ಸೀಮೆಯ ಗಿರಿ-ಗವಿಗಳ ಚರಿತ್ರೆಯನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಶಿಲೆಯ ವಯಸ್ಸು

ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ಆ ಊರಿನ ಹೆಸರಿನಿಂದಲೇ ಭೂವಿಜ್ಞಾನಿಗಳು ಒಂದು ಶಿಲಾಶ್ರೇಣಿಯನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ರಾಮನಗರದ ಆಚೆಯಿಂದ ಹೊರಟು ಮಾಗಡಿ, ದೇವರಾಯನದುರ್ಗ, ಮಧುಗಿರಿ, ಪಾವಗಡಗಳನ್ನು ಹಾದು ಉತ್ತರಕ್ಕೆ ಸುಮಾರು 400 ಕಿಲೋಮೀಟರು ದೂರ ಹರಡಿರುವ ಈ ಶ್ರೇಣಿಯ ವಯಸ್ಸು ಸುಮಾರು 250 ಕೋಟಿ ವರ್ಷಗಳು. ಹಿಮಾಲಯ ಪರ್ವತವು ಇನ್ನೂ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಭೂಗರ್ಭದಲ್ಲಿ ಕಾದ ಶಿಲಾರಸವು ಆರಿ ಗಟ್ಟಿಯಾದುದೇ ಇಂದು ನಾವು ಕಾಣುವ ಮಧುಗಿರಿಯ ಏಕಶಿಲೆ.

ಮೇಲಿನ ನೆಲವು ಕೊಚ್ಚಿಹೋಗಿ ಬಂಡೆ ಹೊರಬಿದ್ದ ಮೇಲೆ ಬಿಸಿಲು, ಮಳೆ, ಗಾಳಿ, ಗಿಡಗಳ ಬೇರು ಇವೆಲ್ಲವೂ ಅದರ ಮೇಲೆ ಕೆಲಸ ಮಾಡಿದವು. ಹಗಲು ಕಾದು ಇರುಳು ಆರುವ ಬಂಡೆಯ ಮೈ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ಅಡ್ಡಲಾಗಿಯೂ ಉದ್ದಲಾಗಿಯೂ ಸೀಳಿದ ಬಿರುಕುಗಳಲ್ಲಿ ನೀರಿಳಿದು ಮೂಲೆಗಳು ಸವೆದು ಚೌಕದ ತುಂಡು ಗುಂಡಾಗುತ್ತದೆ. ನಡುವಿನ ಮಣ್ಣು ಕರಗಿ ಹೋದಾಗ ಗುಂಡಿನ ಮೇಲೆ ಗುಂಡು ನಿಂತು ಕೆಳಗೆ ಗವಿಯಾಗುತ್ತದೆ.

ಬಾದಾಮಿಯ ಗುಹಾಲಯಗಳನ್ನು ಕಂಡವರಿಗೆ ಇಲ್ಲಿ ಒಂದು ವ್ಯತ್ಯಾಸ ಹೊಳೆಯದಿರದು. ಬಾದಾಮಿಯದು ಮರಳುಗಲ್ಲು; ಉಳಿಗೆ ಒಲಿಯುವ ಕಲ್ಲು. ಆದುದರಿಂದಲೇ ಚಾಲುಕ್ಯ ಮಂಗಲೇಶನು ಕ್ರಿ.ಶ. 578ರಲ್ಲಿ ಅಲ್ಲಿ ಮಹಾವಿಷ್ಣು ಗೃಹವನ್ನು ಕೊರೆಯಿಸಬಲ್ಲವನಾದನು. ತುರ್ಕಿ ದೇಶದ ಕಪ್ಪಡೋಕಿಯ ಎಂಬ ಪ್ರಾಂತದಲ್ಲಿ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಶಿಲೆ ಇನ್ನೂ ಮೃದು. ಅಲ್ಲಿನ ಜನರು ಸಾವಿರಾರು ವರ್ಷಗಳಿಂದ ಆ ಶಿಲೆಯಲ್ಲಿ ಮನೆ, ಕಣಜ, ಪಾರಿವಾಳದ ಗೂಡುಗಳನ್ನು ಕೊರೆದುಕೊಂಡು ಬಾಳಿದರು. ಕ್ರೈಸ್ತ ಸನ್ಯಾಸಿಗಳು ಅದರೊಳಗೆ ಚಿತ್ರಗಳಿಂದ ತುಂಬಿದ ಪ್ರಾರ್ಥನಾ ಮಂದಿರಗಳನ್ನು ರಚಿಸಿದರು. ಅಲ್ಲಿನ ಗೋರೆಮೆ ಕಣಿವೆಯನ್ನು 1985ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಆದರೆ ಅದಕ್ಕೂ ಮೊದಲೇ, 1952ರಲ್ಲಿ, ಜೆಲ್ವೆ ಎಂಬ ಗವಿಗಳ ಊರಿನ ಜನರು ಬಂಡೆ ಕುಸಿಯುವ ಭಯದಿಂದ ಊರು ಬಿಡಬೇಕಾಯಿತು. ಕೊರೆಯಲು ಒಲಿದ ಕಲ್ಲು ಸವೆಯಲೂ ಒಲಿಯುತ್ತದೆ.

ನಮ್ಮ ಸೀಮೆಯ ಕಗ್ಗಲ್ಲು ಹಾಗೆ ಒಲಿಯುವಂಥದಲ್ಲ. ಇಲ್ಲಿನ ಗವಿಗಳನ್ನು ಮನುಷ್ಯನು ಕೊರೆಯಲಿಲ್ಲ. ಕಾಲವು ಕೊಟ್ಟುದನ್ನು ಅವನು ಸ್ವೀಕರಿಸಿದನು. ಬಾಗಿಲಿಗೆ ನಾಲ್ಕು ಕಲ್ಲು ಜೋಡಿಸಿ ಗೋಡೆ ಕಟ್ಟಿದನು, ಒಳಗೆ ದೀಪ ಹಚ್ಚಿದನು, ಅಷ್ಟೇ. ಈ ಕಾರಣದಿಂದಲೇ ನಮ್ಮ ಗವಿಗಳಲ್ಲಿ ನೋಡುವವರ ಕಣ್ಣಿಗೆ ಹಬ್ಬವಾಗುವ ಶಿಲ್ಪವಿಲ್ಲ. ಶಿಲ್ಪವಿಲ್ಲದ ಕಡೆ ಚರಿತ್ರೆಯೂ ಇಲ್ಲವೆಂದು ಬಗೆಯುವುದು ನಮ್ಮ ಕಾಲದ ದೊಡ್ಡ ತಪ್ಪು.

ಗವಿಯೂ ಸಾಧಕನೂ

ಶರಣ ಪರಂಪರೆಯಲ್ಲಿ ಗವಿಗೆ ಇರುವ ಸ್ಥಾನವನ್ನು ಮಠದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಮಪ್ರಭುದೇವರ ವಚನಗಳ ಅಂಕಿತವೇ ಗುಹೇಶ್ವರ. ನೆಲದೊಳಗೆ ಹುದುಗಿದ್ದ ಗುಡಿಯನ್ನು ಹೊಕ್ಕು ಅನಿಮಿಷಯ್ಯನಿಂದ ಇಷ್ಟಲಿಂಗವನ್ನು ಪಡೆದ ಅವರ ಕಥೆಯನ್ನು ನಮ್ಮ ಪುರಾಣಕಾರರು ಬಗೆಬಗೆಯಾಗಿ ಹಾಡಿದ್ದಾರೆ. ಹೊರಗಿನ ಗವಿಯು ಒಳಗಿನ ಗವಿಗೆ ದಾರಿಯೆಂಬುದೇ ಅದರ ತಾತ್ಪರ್ಯ.

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟವು ಈ ಮಾತಿಗೆ ಜೀವಂತ ಸಾಕ್ಷಿ. ಸಿದ್ಧಪುರುಷರು ನೆಲೆಸಿದ್ದ ಕಾರಣ ಬೆಟ್ಟಕ್ಕೆ ಈ ಹೆಸರು ಬಂದಿತೆಂಬುದು ಐತಿಹ್ಯ. ಮೆಟ್ಟಿಲುಗಳನ್ನೇರಿ ಹೋದರೆ ಹೆಬ್ಬಂಡೆಗಳ ನಡುವಿನ ಗವಿಯಲ್ಲಿ ಶ್ರೀ ಸಿದ್ಧೇಶ್ವರ ಸ್ವಾಮಿಯ ಸನ್ನಿಧಿಯಿದೆ. ಅದೇ ಬಂಡೆಯ ಬಿರುಕಿನಿಂದ ಒಸರುವ ನೀರೇ ಅಲ್ಲಿನ ತೀರ್ಥ. ಭಕ್ತರು ಆ ತಂಪು ನೀರನ್ನು ತಲೆಗೆ ಹೊಯ್ದುಕೊಂಡು ಧನ್ಯರಾಗುತ್ತಾರೆ. ಬೆಟ್ಟದ ಮೈಯಲ್ಲಿ ಬೆಳೆಯುವ ಔಷಧಿ ಸಸ್ಯಗಳನ್ನು ಅರಸಿ ನಾಟಿ ವೈದ್ಯರೂ ಆಯುರ್ವೇದದ ವಿದ್ಯಾರ್ಥಿಗಳೂ ಬರುತ್ತಾರೆ. ಇಲ್ಲಿ ಗವಿ, ನೀರು, ಮೂಲಿಕೆ ಮೂರೂ ಒಂದೇ ಬಂಡೆಯ ಮಕ್ಕಳು. ನೀರಿಲ್ಲದಿದ್ದರೆ ಮೂಲಿಕೆಯಿಲ್ಲ, ಮೂಲಿಕೆಯಿಲ್ಲದಿದ್ದರೆ ಗವಿಯಲ್ಲಿ ಸಿದ್ಧನು ನಿಲ್ಲುತ್ತಿರಲಿಲ್ಲ.

ತುಮಕೂರಿನ ಸಮೀಪದ ಶ್ರೀ ಸಿದ್ಧಗಂಗಾ ಕ್ಷೇತ್ರದ ಹೆಸರಿನಲ್ಲಿಯೇ ಸಿದ್ಧನೂ ಗಂಗೆಯೂ ಕೂಡಿಕೊಂಡಿರುವುದನ್ನು ವಾಚಕರು ಗಮನಿಸಬೇಕು. ಗೋಸಲ ಸಿದ್ಧೇಶ್ವರರು ನೂರೊಂದು ವಿರಕ್ತರೊಡನೆ ಆ ಬೆಟ್ಟದಲ್ಲಿ ನೆಲೆಸಿದರೆಂದೂ, ಬಾಯಾರಿದ ಸಾಧಕನಿಗಾಗಿ ಬಂಡೆಯೊಳಗಿನಿಂದ ಗಂಗೆಯು ಉದ್ಭವಿಸಿದಳೆಂದೂ ಪರಂಪರೆಯು ಹೇಳುತ್ತದೆ. ಬಂಡೆ ಕೊಟ್ಟ ಒಂದು ಬೊಗಸೆ ನೀರಿನ ಬಳಿ ಹುಟ್ಟಿದ ಆ ನೆಲೆಯು ಮುಂದೆ ಸಾವಿರಾರು ಮಕ್ಕಳ ಅನ್ನ, ಅರಿವು, ಆಶ್ರಯಗಳ ನೆಲೆಯಾಯಿತು. 1941ರಲ್ಲಿ ಮಠಾಧಿಕಾರವನ್ನು ವಹಿಸಿಕೊಂಡ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೂ ಆ ದಾಸೋಹವನ್ನು ನಡೆಯಿಸಿಕೊಂಡು ಬಂದುದು ಸರ್ವವಿದಿತ. ಗವಿಯ ಏಕಾಂತದಲ್ಲಿ ಆರಂಭವಾದುದು ಸಮಾಜದ ದಾಸೋಹದಲ್ಲಿ ಫಲಿಸಿತು ಎಂಬುದು ಈ ಸೀಮೆಯ ಗಿರಿಗಳ ಚರಿತ್ರೆಯ ಒಂದು ಮುಖ್ಯ ಪಾಠ.

ಈ ಗಿರಿಗಳು ಒಂದೇ ಪಂಥದ ಸ್ವತ್ತಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗವು ತಾವು ಚೋಳ ವಂಶದವರೆಂದು ಹೇಳಿಕೊಂಡ ಇರುಂಗೋಳ ಅರಸರ ನೆಲೆ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಹೊಯ್ಸಳರಿಗೆ ಎದುರಾಗಿ ನಿಂತವರು ಅವರು. ಆ ಬೆಟ್ಟದಲ್ಲಿ ಶಿವಾಲಯಗಳೂ ಇವೆ, ಜಿನಾಲಯವೂ ಇದೆ. ಮಧುಗಿರಿಯ ಪೇಟೆಯಲ್ಲಿ ಮಲ್ಲೇಶ್ವರ, ವೆಂಕಟರಮಣ ದೇವಾಲಯಗಳು ಒಂದರ ಮಗ್ಗುಲಲ್ಲಿ ಒಂದು ನಿಂತಿವೆ. ಅಲ್ಲಿಯೇ ಮಲ್ಲಿನಾಥ ಬಸದಿಯೂ ಇದೆ. ಬೆಟ್ಟದ ನೀರನ್ನು ಕುಡಿದವರು ಬಗೆಬಗೆಯ ದೇವರನ್ನು ನೆನೆದರು.

ಕುರಿ ತೋರಿದ ನೀರು

ಮಧುಗಿರಿಯ ಹಳೆಯ ಹೆಸರು ಮದ್ದಗಿರಿ. ಅಲ್ಲಿನ ದುರ್ಗವನ್ನು ಮೊದಲು ಕಟ್ಟಿದವನು ರಾಜಾ ಹಿರೇಗೌಡನೆಂಬ ನಾಡಪ್ರಭು. ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿರುವ ಐತಿಹ್ಯವೊಂದು ಬಹಳ ಸೊಗಸಾಗಿದೆ. ಗೌಡನ ಹಿಂಡಿನ ಕುರಿಯೊಂದು ದಾರಿ ತಪ್ಪಿ ಬೆಟ್ಟಕ್ಕೆ ಹೋಯಿತು. ಹಿಂದಿರುಗಿ ಬಂದಾಗ ಅದರ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೋಳುಬಂಡೆಯ ಮೇಲೆ ನೀರುಂಟೆಂದು ಗೌಡನು ಅರಿತು ಅಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನಂತೆ. ಕತೆಯ ನಿಜ ಹೇಗಾದರೂ ಇರಲಿ, ಅದರ ತಿಳಿವು ಮಾತ್ರ ನಿಜ. ದುರ್ಗವೆಂದರೆ ಗೋಡೆಯೆಂದು ನಾವು ತಿಳಿಯುತ್ತೇವೆ. ಕಟ್ಟಿದವನಿಗೆ ದುರ್ಗವೆಂದರೆ ನೀರು. ಗೋಡೆ ಎಷ್ಟೇ ಎತ್ತರವಿದ್ದರೂ ದೊಣೆ ಬತ್ತಿದ ದಿನ ಕೋಟೆಯು ಶತ್ರುವಿನ ಪಾಲು.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1678ರಲ್ಲಿ, ದಳವಾಯಿ ದೇವರಾಜನು ಮಧುಗಿರಿಯನ್ನು ಗೆದ್ದನು. ಮುಂದೆ ಹೈದರಾಲಿಯು ಅದನ್ನು ವಿಸ್ತರಿಸಿ ಬಲಪಡಿಸಿದನು. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಈ ಏಕಶಿಲೆಯನ್ನು ಇಂದಿಗೂ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳ ಮೇಲೆ, ಬಾಗಿಲ ಮೇಲೆ ಬಾಗಿಲು ದಾಟಿಯೇ ಏರಬೇಕು. ನೆತ್ತಿಯಲ್ಲಿ ಗೋಪಾಲಕೃಷ್ಣನ ಪಾಳುಗುಡಿಯೂ ಕಣಜಗಳೂ ನಿಂತಿವೆ. ಬೆಟ್ಟದ ಬುಡದ ಊರಿನಲ್ಲಿ ದಂಡಿನ ಮಾರಮ್ಮನ ಗುಡಿಯಿದೆ. ದಂಡು ಹೋಯಿತು, ಮಾರಮ್ಮ ಉಳಿದಳು.

ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಮಧುಗಿರಿ ತಾಲ್ಲೂಕಿನ ಮಿಡಿಗೇಶಿ, ಪಾವಗಡದ ದುರ್ಗ ಇವೆಲ್ಲವೂ ಇದೇ ಬಗೆಯವು. ಹಿಮ್ಮಡಿ ಮುಟ್ಟುವಷ್ಟು ನೀಳ ಕೇಶವಿದ್ದ ರಾಣಿಯಿಂದ ಮಿಡಿಗೇಶಿಗೆ ಆ ಹೆಸರು ಬಂದಿತೆಂದು ಹೇಳುತ್ತಾರೆ. ಶಿರಾ ಮಾತ್ರ ಬಯಲಿನ ಕೋಟೆ. ರತ್ನಗಿರಿಯ ರಂಗಪ್ಪನಾಯಕನು ಹೂಡಿದ ಆ ಊರನ್ನು 1638ರಲ್ಲಿ ವಿಜಾಪುರದ ರಣದುಲ್ಲಾಖಾನನು ವಶಪಡಿಸಿಕೊಂಡನು. 1687ರಲ್ಲಿ ಮೊಗಲರು ಬಂದು ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳ ಸುಭಾಕ್ಕೆ ಅದನ್ನೇ ರಾಜಧಾನಿ ಮಾಡಿಕೊಂಡರು. 1651ರ ಮಲಿಕ್ ರಿಹಾನನ ಗೋರಿಯೂ 1696ರ ಜಾಮಿಯಾ ಮಸೀದಿಯೂ ಆ ವೈಭವದ ಕುರುಹುಗಳು. ದಿಲಾವರ ಖಾನನ ಕಾಲದಲ್ಲಿ ಐವತ್ತು ಸಾವಿರ ಮನೆಗಳಿದ್ದುವೆಂದು ಪ್ರತೀತಿಯಿರುವ ಆ ನಗರದಿಂದ ಟಿಪ್ಪುಸುಲ್ತಾನನು ಹನ್ನೆರಡು ಸಾವಿರ ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದನೆಂದು ರೈಸ್ ಬರೆದಿದ್ದಾರೆ. ರಾಜಧಾನಿ ಕರಗಿತು, ಊರು ಉಳಿಯಿತು.

ಸೆರೆಯಾದ ರಾಣಿ

ಮಧುಗಿರಿಯ ಬೆಟ್ಟವನ್ನೇರುವ ವೀರಶೈವ ಬಂಧುಗಳು ಒಂದು ವಿಷಯವನ್ನು ಮರೆಯಬಾರದು. ಕೆಳದಿ ಸಂಸ್ಥಾನವು ಮಠಗಳಿಗೂ ಜಂಗಮರಿಗೂ ಎಷ್ಟು ದೊಡ್ಡ ಆಸರೆಯಾಗಿತ್ತೆಂಬುದು ತಮಗೆಲ್ಲ ತಿಳಿದುದೇ. ಆ ಸಂಸ್ಥಾನದ ಕೊನೆಯ ರಾಣಿ ವೀರಮ್ಮಾಜಿ. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ರಾಣಿಯನ್ನೂ ಆಕೆಯ ದತ್ತುಪುತ್ರ ಸೋಮಶೇಖರ ನಾಯಕನನ್ನೂ ಸೆರೆಹಿಡಿದು ಕಳುಹಿಸಿದುದು ಈ ಮಧುಗಿರಿಯ ದುರ್ಗಕ್ಕೆ. ಮಳೆಯ ಸೀಮೆಯ, ಅಡಿಕೆ ತೋಟಗಳ ನಾಡಿನ ರಾಣಿಯು ಮರದ ನೆರಳೂ ಇಲ್ಲದ ಈ ಬಂಡೆಯ ಮೇಲೆ ನಾಲ್ಕು ವರ್ಷ ಕಳೆದಳು. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ಸೈನ್ಯವು ಶಿರಾವನ್ನೂ ಮಧುಗಿರಿಯನ್ನೂ ಗೆದ್ದು ಆಕೆಯನ್ನು ಬಿಡಿಸಿತು. ಆದರೆ ಪುಣೆಯನ್ನು ಸೇರುವ ಮುನ್ನವೇ ದಾರಿಯಲ್ಲಿ ರಾಣಿಯು ಲಿಂಗೈಕ್ಯಳಾದಳು.

ಏರುವಾಗ ಸಿಕ್ಕುವ ದೊಣೆಯ ನೀರನ್ನು ಕಂಡಾಗ, ಆ ನಾಲ್ಕು ವರ್ಷ ರಾಣಿಯ ಲಿಂಗಪೂಜೆಗೆ ಒದಗಿದುದೂ ಈ ಬೆಟ್ಟದ ನೀರೇ ಅಲ್ಲವೇ ಎಂದು ನೆನೆಯಿರಿ. ಆಗ ಆ ನೀರಿಗೆ ಸಿಗರೇಟಿನ ತುಂಡನ್ನಾಗಲಿ ಪ್ಲಾಸ್ಟಿಕ್ ಸೀಸೆಯನ್ನಾಗಲಿ ಎಸೆಯಲು ಯಾರ ಕೈಯೂ ಏಳದು.

ತಲಪರಿಗೆಯ ಜ್ಞಾನ

ಬೆಟ್ಟದ ಕತೆ ಬೆಟ್ಟದ ಮೇಲೆಯೇ ಮುಗಿಯುವುದಿಲ್ಲ. ಸವೆದ ಬಂಡೆಯು ಮರಳಾಗಿ ಕೆಳಗಿಳಿದು ಹಳ್ಳಗಳ ಪಾತ್ರದಲ್ಲಿ ದಪ್ಪನಾಗಿ ಹಾಸಿಕೊಂಡಿತು. ಆ ಮರಳಿನಡಿಯಲ್ಲಿ ನೀರು ಬೇಸಗೆಯಲ್ಲೂ ಹರಿಯುತ್ತಿತ್ತು. ನಮ್ಮ ರೈತರು ಅದನ್ನು ಅರಿತು ಮರಳನ್ನು ತೋಡಿ ಒರತೆಯನ್ನು ಬಿಡಿಸಿ ಕಾಲುವೆ ಮಾಡಿ ಗದ್ದೆಗೆ ಹಾಯಿಸಿದರು. ಇದೇ ತಲಪರಿಗೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳ ನೀರಾವರಿಯಲ್ಲಿ ತಲಪರಿಗೆಗಳ ಮಹತ್ವವನ್ನು ಹಳೆಯ ಗೆಜೆಟಿಯರು ವಿಶೇಷವಾಗಿ ಹೇಳುತ್ತದೆ. ಕಾಲುವೆಯ ಹೂಳೆತ್ತುವ ಕೆಲಸವನ್ನು ನೀರು ಪಡೆಯುವವರೆಲ್ಲ ಸೇರಿ ಮಾಡುತ್ತಿದ್ದರು. ಕಾಯಕ, ದಾಸೋಹ ಎಂಬ ಮಾತುಗಳನ್ನು ಆಡದೆಯೇ ನಡೆಯಿಸಿದ ಕಾಯಕ ದಾಸೋಹಗಳು ಇವು.

1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಇನ್ನೊಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಮಳೆಗಾಲದಲ್ಲಿ ಹಳ್ಳಗಳು ಬೆಟ್ಟಗಳಿಂದ ಹೊತ್ತು ತರುವ ಕರಿಮರಳನ್ನು ಸೋಸಿ ಮಧುಗಿರಿ, ಚನ್ನರಾಯನದುರ್ಗಗಳ ಸುತ್ತಿನ ಜನರು ಕಬ್ಬಿಣ ಕರಗಿಸುತ್ತಿದ್ದರು. ಅದರಿಂದ ಉಕ್ಕನ್ನೂ ಮಾಡುತ್ತಿದ್ದರು. ಸವೆಯುವ ಬಂಡೆಯಿಂದಲೇ ನೇಗಿಲಿನ ಗುಳವೂ ಬಂದಿತು, ಉಳುವ ನೆಲವೂ ಬಂದಿತು.

ಇಂದು ಆ ತಲಪರಿಗೆಗಳಲ್ಲಿ ಬಹುಪಾಲು ಬತ್ತಿವೆ. ಮರಳನ್ನು ಲಾರಿಗಳಲ್ಲಿ ಸಾಗಿಸಿದೆವು, ಕೊಳವೆಬಾವಿಗಳನ್ನು ಆಳಕ್ಕೆ ಇಳಿಸಿದೆವು. ಪಾವಗಡ ಸೀಮೆಯಲ್ಲಿ ಆಳದ ಬಂಡೆಯ ನೀರಿನೊಂದಿಗೆ ಫ್ಲೋರೈಡ್ ಅಂಶವೂ ಮೇಲಕ್ಕೆ ಬಂದು ಮಕ್ಕಳ ಹಲ್ಲನ್ನೂ ಹಿರಿಯರ ಮೂಳೆಯನ್ನೂ ಕೆಡಿಸಿತು. ಬಂಡೆಯು ಮೇಲೆ ಅಮೃತವನ್ನು ಇಟ್ಟಿತ್ತು. ಅದನ್ನು ಕಳೆದುಕೊಂಡವರು ಕೆಳಗಿನ ವಿಷವನ್ನು ಕುಡಿಯಬೇಕಾಯಿತು.

ಯಾತ್ರಿಕನೂ ಪ್ರವಾಸಿಯೂ

ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರು ದೂರದಲ್ಲಿರುವ ಮಧುಗಿರಿಗೆ ಈಗ ರಜೆಯ ದಿನಗಳಲ್ಲಿ ಚಾರಣಿಗರ ಗುಂಪುಗಳು ಬರುತ್ತವೆ. ಸಿದ್ಧರಬೆಟ್ಟಕ್ಕೂ ಚನ್ನರಾಯನದುರ್ಗಕ್ಕೂ ಜನ ಬರುತ್ತಾರೆ. ಮಧುಗಿರಿಗೆ ರೋಪ್‌ವೇ ಹಾಕಬೇಕೆಂಬ ಮಾತೂ ವರ್ಷಗಳಿಂದ ಕೇಳಿಬರುತ್ತಿದೆ. ಪಾವಗಡದ ತಿರುಮಣಿ ಮೊದಲಾದ ಐದು ಗ್ರಾಮಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಗಳಲ್ಲಿ, 2018ರಲ್ಲಿ ಉದ್ಘಾಟನೆಗೊಂಡ 2,050 ಮೆಗಾವಾಟಿನ ಸೌರ ವಿದ್ಯುತ್ ಉದ್ಯಾನವನ್ನು ನೋಡಲೂ ಜನ ಹೋಗುತ್ತಾರೆ. ಶಾಪವೆಂದಿದ್ದ ಬಿಸಿಲೇ ಬೆಳಕಾದ ಸಂಗತಿಯಿದು. ಪ್ರವಾಸಿಗರು ಬರುವುದರಲ್ಲಿ ಕೇಡೇನೂ ಇಲ್ಲ. ಬಡ ಸೀಮೆಯ ಅಂಗಡಿಯವನಿಗೆ, ಆಟೋ ಓಡಿಸುವವನಿಗೆ, ಎಳನೀರು ಮಾರುವ ತಾಯಿಗೆ ನಾಲ್ಕು ಕಾಸು ದೊರೆಯುವುದು ಒಳ್ಳೆಯದೇ.

ಆದರೆ ಯಾತ್ರಿಕನಿಗೂ ಪ್ರವಾಸಿಗೂ ಒಂದು ಅಂತರವಿದೆ. ಯಾತ್ರಿಕನು ಬೆಟ್ಟಕ್ಕೆ ಏನನ್ನೋ ಒಪ್ಪಿಸಲು ಹೋಗುತ್ತಾನೆ. ಬರಿಯ ಪ್ರವಾಸಿಯು ಅಲ್ಲಿಂದ ಏನನ್ನೋ ತರಲು ಹೋಗುತ್ತಾನೆ. ಬಂಡೆಯ ಮೇಲೆ ತನ್ನ ಹೆಸರನ್ನು ಬಣ್ಣದಲ್ಲಿ ಬರೆಯುವವನು, ನಿಧಿಯ ಆಸೆಗೆ ಗವಿಯ ಲಿಂಗವನ್ನೇ ಕಿತ್ತು ಅಗೆಯುವವನು, ಬೆಟ್ಟವನ್ನೇ ಸಿಡಿಸಿ ಜಲ್ಲಿ ಮಾಡುವವನು, ಇವರು ಮೂವರಲ್ಲಿ ಪ್ರಮಾಣದ ವ್ಯತ್ಯಾಸವಿದೆಯೇ ಹೊರತು ಗುಣದ ವ್ಯತ್ಯಾಸವಿಲ್ಲ. ಮಧುಗಿರಿಯ ಕೋಟೆಗೂ ಶಿರಾದ ಸ್ಮಾರಕಗಳಿಗೂ 1958ರ ಪುರಾತತ್ವ ಕಾಯಿದೆಯ ರಕ್ಷಣೆಯಿದೆ. ಹೆಸರಿಲ್ಲದ ನೂರಾರು ಗವಿಗಳಿಗೆ, ದೊಣೆಗಳಿಗೆ, ತಲಪರಿಗೆಗಳಿಗೆ ಅಂತಹ ಕಾಯಿದೆಯ ಕಾವಲಿಲ್ಲ. ಅವುಗಳಿಗೆ ಭಕ್ತರ ಕಣ್ಣೇ ಕಾವಲಾಗಬೇಕು. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು. 250 ಕೋಟಿ ವರ್ಷದ ಬಂಡೆಯನ್ನು ಪುಡಿಮಾಡಿದ ಮೇಲೆ ಅದರ ಬಿರುಕಿನ ಗಂಗೆಯನ್ನು ಯಾವ ಇಂಜಿನಿಯರನೂ ಮರಳಿ ತರಲಾರನು.

ಊರವರೇ ಕಾವಲಾದರೆ ಏನಾಗುತ್ತದೆಂಬುದಕ್ಕೆ ಈ ಸೀಮೆಯಲ್ಲಿಯೇ ಉದಾಹರಣೆಯುಂಟು. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಬಣ್ಣದ ಕೊಕ್ಕರೆಗಳೂ ಬೂದುಬಕಗಳೂ ಊರ ನಡುವಿನ ಹುಣಿಸೆಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಹುಣಿಸೆಹಣ್ಣಿನ ಫಸಲಿಗೆ ತೊಂದರೆಯಾದರೂ ಗ್ರಾಮಸ್ಥರು ಅವನ್ನು ಬಾಣಂತಿಯರಂತೆ ಕಾಣುತ್ತ ಬಂದಿದ್ದಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿಗಾಗಿ 798 ಎಕರೆಯ ಜಯಮಂಗಲಿ ಸಂರಕ್ಷಿತ ಪ್ರದೇಶವಿದೆ. ಹಕ್ಕಿಗೂ ಮೃಗಕ್ಕೂ ತೋರಿದ ದಯೆಯನ್ನು ಗಿರಿಗೂ ಗವಿಗೂ ತೋರಲಾರೆವೇ?

ನಾವು ಮಾಡತಕ್ಕದ್ದು

ಸ್ಥಾವರ, ಜಂಗಮ ಎಂಬ ಎರಡು ಮಾತುಗಳ ಅರ್ಥವನ್ನು ಶರಣರು ನಮಗೆ ಬೇರೆಯೇ ಬಗೆಯಲ್ಲಿ ಕಲಿಸಿದ್ದಾರೆ. ಕಲ್ಲುಗುಡಿಗಿಂತ ನಡೆದಾಡುವ ಜೀವ ದೊಡ್ಡದೆಂಬ ಅವರ ನಿಲುವನ್ನು ಹಿಡಿದು, ಹಾಗಾದರೆ ಬೆಟ್ಟ ಕೋಟೆಗಳ ಗೊಡವೆ ನಮಗೇಕೆ ಎಂದು ಕೆಲವರು ಕೇಳಬಹುದು. ಸೂಕ್ಷ್ಮವಾಗಿ ವಿಚಾರಿಸಿದರೆ ಈ ಬೆಟ್ಟಗಳಲ್ಲಿ ಸ್ಥಾವರವಾದುದು ಕಲ್ಲು ಮಾತ್ರ. ಅದರೊಳಗೆ ಹರಿಯುವ ನೀರು ಜಂಗಮ. ಕಲ್ಲನ್ನು ಕಾಯುವುದು ಕಲ್ಲಿನ ಪೂಜೆಗಾಗಿಯಲ್ಲ, ಆ ಜಂಗಮಕ್ಕಾಗಿ.

ಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಇಂದು ಶಿಕ್ಷಕರಾಗಿ, ಅಧಿಕಾರಿಗಳಾಗಿ, ಇಂಜಿನಿಯರುಗಳಾಗಿ, ಕೃಷಿಕರಾಗಿ ನಾಡಿನಾದ್ಯಂತ ಹರಡಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿಯಿಷ್ಟೆ. ತಮ್ಮ ಊರಿನ ಬೆಟ್ಟದ ಹೆಸರು, ಗವಿಯ ಹೆಸರು, ದೊಣೆಯ ಹೆಸರು, ತಲಪರಿಗೆಯ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡಿರಿ. ಬರೆದವರ ಹೆಸರು, ಹೇಳಿದವರ ಹೆಸರು, ದಿನಾಂಕ ಇವೂ ಇರಲಿ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯರು ದೂರದ ಅರಮನೆಗಳಿಗೆ ಹೋಗುವ ಮುನ್ನ ಸಮೀಪದ ದುರ್ಗವನ್ನೊಮ್ಮೆ ಹತ್ತಿಸಿರಿ, ವೀರಮ್ಮಾಜಿಯ ಕತೆಯನ್ನು ಬಂಡೆಯ ಮೇಲೆಯೇ ಹೇಳಿರಿ. ಜಾತ್ರೆಗೆ ಮುನ್ನ ದೊಣೆಯ ಹೂಳೆತ್ತುವ ಸೇವೆಯನ್ನು ಹರಕೆಯಾಗಿ ಹೊತ್ತುಕೊಳ್ಳಿರಿ. ಬೆಟ್ಟಕ್ಕೆ ಒಯ್ದ ಬುತ್ತಿಯ ಕಾಗದವನ್ನು ಬೆಟ್ಟದಲ್ಲಿ ಬಿಡದೆ ಮರಳಿ ತನ್ನಿರಿ. ಊರ ಬೆಟ್ಟಕ್ಕೆ ಸಿಡಿಮದ್ದು ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತನಾಡಿರಿ.

ಸಿದ್ಧರು ಈ ಗವಿಗಳನ್ನು ಹೊಕ್ಕಾಗ ಅವು ಹೇಗಿದ್ದವೋ ಹೊರಡುವಾಗಲೂ ಹಾಗೆಯೇ ಇದ್ದವು. ಅವರು ಬಿಟ್ಟುಹೋದುದು ಒಂದು ದೀಪದ ಮಸಿ, ಒಂದು ಹೆಸರು, ಒಂದು ಬೊಗಸೆ ತಿಳಿನೀರು. ನಮ್ಮ ಮಕ್ಕಳ ಮಕ್ಕಳು ಸಿದ್ಧರಬೆಟ್ಟದ ಗವಿಯಲ್ಲಿ ಕೈಯೊಡ್ಡಿದಾಗ ಆ ನೀರು ಅವರ ಅಂಗೈಯಲ್ಲಿ ತುಂಬುವಂತಾಗಲಿ.